ಉಣ್ಣೆಗೆ ಸ್ವೆಟರ್

ಗೆಳೆಯರೇ, ಕುಕ್ ಟೌನಿನ ನಮ್ಮ ಓನರ್ ಆಂಟಿಯ ನಾಯಿ ರಾಣಿ ಸದಾ ಗೇಟಿನ ಬಳಿಯೇ ಇರುತ್ತದೆ. ನಿನ್ನೆ ಅದರ ಕಿವಿಯ ತುಂಬ ರಕ್ತ ಹೀರಿ ಊದಿದ ಉಣ್ಣೆಗಳಿದ್ದವು, ಮೈ ಸುಡುತ್ತಿತ್ತು. "ಆಂಟಿ, ರಾಣಿ ನಡುಗ್ತಿದಾಳೆ, ಉಣ್ಣೆಗೆ ಏನಾದ್ರೂ ಹಾಕಿ" ಎಂದು ಹೇಳಿ ಕೆಲಸಕ್ಕೆ ಹೋದೆ.

ಇಂದು ಬೆಳಿಗ್ಗೆ ನೋಡಿದರೆ ರಾಣಿ ಕೆಂಪು ಸ್ವೆಟರ್ ತೊಟ್ಟು ಮಲಗಿದೆ, ತಲೆಯನ್ನೇ ಎತ್ತುತ್ತಿಲ್ಲ.

"ನೀನೇ ತಾನೆ ಹೇಳಿದ್ದು, ಉಣ್ಣೇದು ಹಾಕಿ ಅಂತ?" ಎಂದರು ಆಂಟಿ.

ಸ್ವೆಟರ್ ಸರಿಸಿ ತೋರಿಸಿದೆ. ಒಳಗೆ ಉಣ್ಣೆಗಳು ಬೆಚ್ಚಗೆ ಕೂತಿದ್ದವು.

ಆಟೋದಲ್ಲಿ ಹಲಸೂರಿನ ಡಾಕ್ಟರ ಬಳಿಗೆ ಒಯ್ದೆವು. ಉಣ್ಣೆ ಕಚ್ಚಿಯೇ ಬಂದ ಜ್ವರವಂತೆ. ಔಷಧಿ ಕೊಟ್ಟಿದ್ದಾರೆ, ರಾಣಿ ಉಳಿಯುತ್ತದೆ.

ವಾಪಸ್ ಬರುವಾಗ ಆಂಟಿ ನನ್ನನ್ನೇ ಗದರಿದರು: "ಟಿಕ್ಸ್ ಅಂತ ನೆಟ್ಟಗೆ ಕನ್ನಡದಲ್ಲಿ ಹೇಳೋಕೆ ಏನಾಗಿತ್ತು ನಿಂಗೆ?"