ಹುಳಿಗೆ ಬೀಳಲಿದ್ದ ಬಣ್ಣದ ಕೆಸು

ಗೆಳತಿಯರೇ, ಇವತ್ತು ಮನೆಮಂದಿಯ ಗಂಟಲನ್ನೆಲ್ಲ ಉಳಿಸಿದ್ದೇನೆ. ಕುಂಡದ ಬಣ್ಣದ ಕೆಸು ಚಳಿಗೆ ಎಲೆ ಉದುರಿಸಿತ್ತು. ಗೆಡ್ಡೆಗಳನ್ನು ಕಿತ್ತು, ಬೂದಿ ಸವರಿ, ಅಡುಗೆಮನೆಯ ಬುಟ್ಟಿಯಲ್ಲಿಟ್ಟಿದ್ದೆ. ಮುಳಬಾಗಿಲಿನಿಂದ ಬಂದಿರುವ ಅತ್ತೆ ಅದನ್ನು ಶಾಮೆಗೆಡ್ಡೆ ಎಂದುಕೊಂಡು, ಅವರೆಕಾಳಿನ ಹುಳಿಗೆ ಹೆಚ್ಚಲು ಕೂತಿದ್ದರು.

“ಅದು ವಿಷ ಅತ್ತೆ, ಗಂಟಲು ಊದ್ಕೊಳ್ಳುತ್ತೆ” ಎಂದು ಬುಟ್ಟಿ ಕಿತ್ತುಕೊಂಡೆ.

“ಹುಣಸೆಹಣ್ಣು ಜಾಸ್ತಿ ಹಾಕಿದ್ರೆ ಏನೂ ಆಗಲ್ಲಮ್ಮ.”

“ಇದಕ್ಕೆ ಹುಣಸೆಹಣ್ಣೂ ನಡೆಯಲ್ಲ. ಇದು ಅಂದಕ್ಕೆ ಬೆಳೆಸೋ ಗಿಡದ್ದು. ಈಗ ನಿದ್ದೆ ಮಾಡ್ತಿದೆ, ಮಳೆ ಬಿದ್ರೆ ಏಳುತ್ತೆ.”

ಭಾನುವಾರ ಹನ್ನೊಂದಾದರೂ ಸೋಫಾ ಮೇಲೆ ಮುಸುಕು ಹಾಕಿ ಮಲಗಿದ್ದ ಮಗನ ಕಡೆ, ಅಂದರೆ ನನ್ನ ಗಂಡನ ಕಡೆ, ಅತ್ತೆ ನೋಡಿದರು. “ಬರೀ ಮಲ್ಕೊಂಡಿರೋದನ್ನ ಸಾಕೋಕೆ ಇವನೊಬ್ಬ ಸಾಲ್ದೇನಮ್ಮ?”

ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಗೆಡ್ಡೆ ಮಳೆಗಾದರೂ ಏಳುತ್ತದೆ.