ಲ್ಯಾಮಿನೇಷನ್ ಮಾಡಿಸಿದ ಅವ್ವ

ಫೋಟೋ ತೆಗೆಸಿಕೊಳ್ಳಲು ಅವ್ವ ಒಪ್ಪುತ್ತಲೇ ಇರಲಿಲ್ಲ. ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆಯೇನೂ ಅಲ್ಲ, ಅವಳ ತಕರಾರೇ ಬೇರೆ. "ಸ್ಟುಡಿಯೋದವ್ನು ಕತ್ಲಾಗೆ ನನ್ ಮುಖಾನ ನೀರಾಗೆ ತೊಳೀತಾನಂತೆ. ರೀಲೂ ಅವನ ಹತ್ರಾನೇ ಉಳಿತೈತೆ. ನಂಗದು ಬ್ಯಾಡ" ಎನ್ನುತ್ತಿದ್ದಳು.

ನಾನು ಒಮ್ಮೆ ಮುಂಬೈಗೆ ಹೋದಾಗ ಹಳೆಯದೊಂದು ಕ್ಯಾಮೆರಾ ಕೊಂಡು ತಂದೆ. ಗುಂಡಿ ಒತ್ತಿದರೆ ಕರ್ರೆಂದು ಸದ್ದು ಮಾಡಿ ಅಲ್ಲೇ ಖಾಲಿ ಹಾಳೆಯೊಂದನ್ನು ಹೊರಹಾಕುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಅದರ ಮೇಲೆ ಫೋಟೋ ತಾನೇ ಮೂಡುತ್ತಿತ್ತು. ವಿದ್ಯಾನಗರದ ನಮ್ಮ ಓಣಿಯವರು ಅದಕ್ಕೆ 'ಉಗುಳೋ ಕ್ಯಾಮೆರಾ' ಎಂದು ಹೆಸರಿಟ್ಟರು. ಪ್ಯಾಕಿಗೆ ಹತ್ತೇ ಹಾಳೆ, ಅದೂ ದಾವಣಗೆರೆಯಲ್ಲಿ ಸಿಗುತ್ತಿರಲಿಲ್ಲ. ನನಗೋ ಎಲ್ಲಿಲ್ಲದ ಜಂಬ. ಬೇಡಿಕೊಂಡವರಿಗೂ ತೆಗೆದುಕೊಡುತ್ತಿರಲಿಲ್ಲ.

ಅವ್ವನನ್ನು ಕರೆದುಕೊಂಡು ಹರಿಹರಕ್ಕೆ, ಅಕ್ಕನ ಮನೆಗೆ ಹೋದಾಗ ಹೇಳಿದೆ: "ಇದನ್ನ ಯಾರೂ ತೊಳಿಯೋದಿಲ್ಲವ್ವ. ನಿನ್ ಕೈಗೇ ಬರ್ತೈತೆ." ಅವ್ವ ಯೋಚಿಸಿದಳು. "ಒಂದೇ ಮತ್ತೆ" ಎಂದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಸೆರಗು ಹೊದ್ದು ಕುಳಿತಳು. ಮೂಡಿದ ಫೋಟೋ ನೋಡಿ ನಕ್ಕು ಅದನ್ನು ಅಕ್ಕನಿಗೆ ಕೊಟ್ಟಳು. ಮರುವರ್ಷವೇ ಜ್ವರದಲ್ಲಿ ತೀರಿಕೊಂಡಳು. ಅವಳದೆಂದು ಉಳಿದದ್ದು ಅದೊಂದೇ ಫೋಟೋ.

ಅಕ್ಕ ಅದನ್ನು ಮೂವತ್ತು ವರ್ಷ ಟ್ರಂಕಿನಲ್ಲಿ, ಸೀರೆಗಳ ನಡುವೆ ಕಾಪಾಡಿದಳು. ಹೋದ ವರ್ಷ ಬಣ್ಣ ಮಾಸುತ್ತಿದೆಯೆಂದು ನನ್ನ ಕೈಗಿಟ್ಟು, "ಜ್ವಾಪಾನ, ಏನಾರ ಮಾಡ್ಸು" ಎಂದಳು. ನಮ್ಮೂರಲ್ಲಿ ಉಳಿಯಬೇಕಾದ ಕಾಗದಕ್ಕೆಲ್ಲ ಒಂದೇ ಮದ್ದು, ಲ್ಯಾಮಿನೇಷನ್. ಮಾರ್ಕ್ಸ್ ಕಾರ್ಡಿಗೂ ಅದೇ, ರೇಷನ್ ಕಾರ್ಡಿಗೂ ಅದೇ. ಮೊದಲು ಮೊಬೈಲಿನಲ್ಲೊಂದು ಪಟ ತೆಗೆದಿಟ್ಟುಕೊಳ್ಳುವಷ್ಟು ಬುದ್ಧಿ ನನಗೆ ಬರಲಿಲ್ಲ. ಪಿ.ಜೆ. ಬಡಾವಣೆಯ ಜೆರಾಕ್ಸ್ ಅಂಗಡಿಗೆ ಒಯ್ದೆ.

ಅಂಗಡಿಯಾತ ತಿರುಗಿಸಿ ನೋಡಿ, "ದಪ್ಪ ಐತಲ್ರಿ, ಹಾಕ್ಲಾ?" ಎಂದ.

"ಹಾಕ್ರಿ" ಎಂದೆ.

ಮೆಷಿನ್ನಿನ ಆ ಕಡೆ ಬರುವಷ್ಟರಲ್ಲಿ ಬಿಸಿಗೆ ಬಣ್ಣವೆಲ್ಲ ಬೆಂದು ಗುಳ್ಳೆಯೆದ್ದು, ಮುಖವಿದ್ದ ಜಾಗ ಕಪ್ಪಗಾಗಿತ್ತು. ಪ್ಲಾಸ್ಟಿಕ್ ಮಾತ್ರ ಫಳಫಳ ಹೊಳೆಯುತ್ತಿತ್ತು. "ಗೊತ್ತಾಗ್ಲಿಲ್ರಿ ಸರ" ಎಂದ ಆತ. ಅವನ ಮೇಲೆ ರೇಗಬೇಕೆನಿಸಿತು. ಆದರೆ ಹಾಕ್ರಿ ಎಂದವನು ನಾನೇ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಹರಿಹರಕ್ಕೆ ಹೋಗಿ ಅಕ್ಕನಿಗೆ ಕೊಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೇ ಚೆನ್ನಾಗಿತ್ತು. ಅವಳು ಸೆರಗಿನಿಂದ ಪ್ಲಾಸ್ಟಿಕ್ಕನ್ನು ಒರೆಸಿ ಒರೆಸಿ ನೋಡಿದಳು. ಆಮೇಲೆ, "ನಂಗೆ ಅವ್ವ ಅಂದ್ರೆ ಈ ಫೋಟೋದಾಗಿನ ಮುಖಾನೇ ನೋಡಪ್ಪ. ಬ್ಯಾರೆ ನೆನಪಾಗವಲ್ದು. ನೀನು ಎದ್ರಿಗೇ ನಿಂತಿದ್ದೆ. ಅವತ್ತು ಅವ್ವ ಹೆಂಗಿದ್ಲು, ಹೇಳು" ಎಂದಳು.

ಅವತ್ತು ಅವ್ವ ನನ್ನ ಎದುರಿಗೇ, ಮಾರು ದೂರದಲ್ಲಿ ಕುಳಿತಿದ್ದಳು. ನಾನು ಅವಳತ್ತ ನೋಡದೆ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದೆ, ಮುಖ ಯಾವಾಗ ಮೂಡೀತೋ ಎಂದು.