ಫೇಲ್ ಸಾಹೇಬರ ಹೊಸ ಕಾರು

ಆ ಊರಿನಲ್ಲಿ ಗಾಡಿ ಓಡಿಸುವವರಲ್ಲಿ ಅರ್ಧ ಜನ ಒಮ್ಮೆಯಾದರೂ ಅವರ ಕೈಯಲ್ಲಿ ಫೇಲಾದವರು. ಇನ್ನರ್ಧ ಜನ ಫೇಲಾಗಿದ್ದನ್ನು ಮುಚ್ಚಿಟ್ಟವರು. ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಮೂವತ್ತೊಂದು ವರ್ಷ ಡ್ರೈವಿಂಗ್ ಪರೀಕ್ಷೆ ಮಾಡಿದ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಬೀದಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಅವರು ಫೇಲ್ ಸಾಹೇಬರು.

ಅವರ ಪರೀಕ್ಷೆಯ ರೀತಿಯೇ ಹಾಗಿತ್ತು. ಎಡಗಡೆಯ ಸೀಟಿನಲ್ಲಿ ಕೂತು, ತೊಡೆಯ ಮೇಲೆ ರಟ್ಟಿನ ಹಲಗೆ ಇಟ್ಟುಕೊಂಡರೆ ಮುಗಿಯಿತು, ಬಾಯಿಗೆ ಬೀಗ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನಿಲ್ಲಿಸಿ. ಇಷ್ಟು ಬಿಟ್ಟರೆ ಹ್ಞೂಂ ಇಲ್ಲ, ಊಹೂಂ ಇಲ್ಲ. ಓಡಿಸುವವರು ಬೆವರಿ ತೊಪ್ಪೆಯಾದರೂ ಇವರ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ತಿರುವಿನಲ್ಲಿ ಬರೀ ಕನ್ನಡಿ ನೋಡಿದವರು ಫೇಲು, ಕತ್ತು ತಿರುಗಿಸಿ ನೋಡಿದವರು ಪಾಸು. ಶಿಫಾರಸು ತಂದವರಿಗೆ ಬಾಗಿಲು ತೋರಿಸುತ್ತಿದ್ದರು. ಸ್ವಂತ ಬಾಮೈದನನ್ನೇ ನಾಲ್ಕು ಸಲ ಫೇಲ್ ಮಾಡಿ, ಎರಡು ವರ್ಷ ಮಾವನ ಮನೆಯಲ್ಲಿ ನೆಟ್ಟಗೆ ಮಾತಾಡಿಸುವವರಿಲ್ಲದೆ ಕಳೆದಿದ್ದರು. ಆದರೂ ಒಂದು ಮಾತು ಹೇಳಲೇಬೇಕು. ಅವರು ಪಾಸು ಮಾಡಿದವರಲ್ಲಿ ಒಬ್ಬರೂ ಯಾರ ಪ್ರಾಣವನ್ನೂ ತೆಗೆದದ್ದಿಲ್ಲ. ಈ ಲೆಕ್ಕವೊಂದನ್ನು ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಪೇಪರಿನಲ್ಲಿ ಅಪಘಾತದ ಸುದ್ದಿ ಬಂದರೆ ಮೊದಲು ಓಡಿಸಿದವನ ಹೆಸರು ನೋಡುತ್ತಿದ್ದರು, ಆಮೇಲೆ ಉಸಿರು ಬಿಡುತ್ತಿದ್ದರು.

ಹೆಂಡತಿ ಲೈಸೆನ್ಸ್ ತೆಗೆದುಕೊಂಡದ್ದು ಬೇರೊಬ್ಬ ಅಧಿಕಾರಿಯ ಕೈಯಲ್ಲಿ, ಮೊದಲನೇ ಸಲಕ್ಕೇ ಪಾಸು. ಆಮೇಲೆ ಒಂದು ತಿಂಗಳು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ್ದೂ ಆಯಿತು. ಅಲ್ಲೂ ಇವರು ಪರೀಕ್ಷೆಯ ದಿನದ ಹಾಗೆಯೇ ಕಲ್ಲಾಗಿ ಕೂತರು. ಒಂದು ದಿನ ಆಕೆ ಮನೆ ಮುಂದೆ ಗಾಡಿ ನಿಲ್ಲಿಸಿ, ಕೀಲಿಯನ್ನು ಅವರ ಮಡಿಲಿಗೆ ಹಾಕಿದಳು. "ಬೈದಿದ್ರೂ ಸಹಿಸ್ಕೋತಿದ್ದೆ ಕಣ್ರೀ. ನೀವು ಹೀಗೆ ಸುಮ್ನೆ ಕೂತ್ರೆ ನನಗೆ ಕೈಕಾಲೇ ಆಡಲ್ಲ." ಅದಾಗಿ ಹತ್ತೊಂಬತ್ತು ವರ್ಷ. ಲೈಸೆನ್ಸನ್ನು ಮಾತ್ರ ಪ್ರತಿಸಲ ತಪ್ಪದೆ ನವೀಕರಿಸಿಕೊಳ್ಳುತ್ತಿದ್ದಳು, ಸ್ಟೀರಿಂಗ್ ಮುಟ್ಟುತ್ತಿರಲಿಲ್ಲ.

ಮನೆಯಲ್ಲಿ ಎರಡು ಕಾರುಗಳಿದ್ದವು. ಒಂದು ಬೂದು ಬಣ್ಣದ ಸಣ್ಣ ಕಾರು. ಕಚೇರಿ, ಅಂಗಡಿ, ಆಸ್ಪತ್ರೆ, ಹೆಂಡತಿಯ ತವರು, ಎಲ್ಲಕ್ಕೂ ಅದೇ. ಹದಿನಾಲ್ಕು ವರ್ಷ ದುಡಿದು ಹಣ್ಣಾಗಿತ್ತು, ಮೈಮೇಲೆ ಒಂದು ಗೀರಿರಲಿಲ್ಲ. ಇನ್ನೊಂದು ಕಡುನೀಲಿ ಬಣ್ಣದ್ದು, ಎರಡೇ ಬಾಗಿಲು, ಹತ್ತಬೇಕಾದರೆ ಬಾವಿಗಿಳಿದ ಹಾಗೆ ಇಳಿಯಬೇಕು. ಊರಾಚೆ ವಿಮಾನ ಇಳಿಯುವುದು ನಿಂತುಹೋದ ಹಳೆಯ ಓಡುದಾರಿಯೊಂದಿತ್ತು. ತಿಂಗಳಿಗೊಂದು ಭಾನುವಾರ ವೇಗದ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಿದ್ದರು. ರಸ್ತೆಯಲ್ಲಿ ಒಂದು ಕೂದಲೆಳೆ ಮಿತಿ ಮೀರದ ಫೇಲ್ ಸಾಹೇಬರು ಅಲ್ಲಿ ಮುಳ್ಳು ಇನ್ನೂರರ ಹತ್ತಿರ ನಡುಗುವ ತನಕ ಕಾಲು ತೆಗೆಯುತ್ತಿರಲಿಲ್ಲ. ಇಳಿದಾಗ ಅವರ ಮುಖದಲ್ಲಿ ನಗು ಇರುತ್ತಿತ್ತು. ಅದನ್ನು ನೋಡಿದವರು ಹತ್ತು ಹನ್ನೆರಡು ಜನ ಇರಬಹುದು. ಹೆಂಡತಿ ಆ ಕಾರನ್ನು ಸವತಿ ಎನ್ನುತ್ತಿದ್ದಳು. "ಸವತಿಗೆ ಸ್ನಾನ ಆಗಿದ್ರೆ ಒಳಗೆ ಬಂದು ಈ ಬಡವಿ ಕೈಯಿಂದ ಎರಡು ತುತ್ತು ಉಣ್ಣಿ" ಎಂದು ಅಡುಗೆಮನೆಯಿಂದ ಕೂಗುವಳು.

ನಿವೃತ್ತಿಯಾದ ಮರುವರ್ಷ ಅವರು ಲೋಟಗಳನ್ನು ಬೀಳಿಸತೊಡಗಿದರು. ಎಡಗೈ ಪಕ್ಕ ಏನಿಟ್ಟರೂ ನೆಲಕ್ಕೆ. ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗುವುದು. ವಯಸ್ಸಾಯಿತು ಎಂದು ಹೆಂಡತಿ ನಕ್ಕಳು. ಅವರು ನಗಲಿಲ್ಲ, ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಅಲ್ಲಿ ಒಂದು ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಸ್ವಲ್ಪ ಹೊತ್ತು ಅವರು ಕಂಡಾಗ ಒತ್ತಿದರು. ಆಮೇಲೆ ಚುಕ್ಕಿಗಳು ಬಹಳ ಹೊತ್ತಿನಿಂದ ಬಂದಿಲ್ಲ ಎನ್ನಿಸಿತು. ಕಾಣದಿದ್ದರೂ ಅಂದಾಜಿನ ಮೇಲೆ ಒತ್ತಿದರು. ಮೂವತ್ತೊಂದು ವರ್ಷ ಊರಿನ ಕಳ್ಳಾಟಗಳನ್ನೆಲ್ಲ ಹಿಡಿದ ಮನುಷ್ಯ ಆ ದಿನ ಒಂದು ಯಂತ್ರದ ಕೈಗೆ ಸಿಕ್ಕಿಬಿದ್ದರು.

"ಸಾರ್, ಚುಕ್ಕಿ ಇಲ್ದಿದ್ದಾಗ್ಲೂ ಒತ್ತಿದೀರ" ಎಂದರು ಡಾಕ್ಟರಮ್ಮ ಮೆಲ್ಲಗೆ. ಅವರೂ ಒಂದು ಕಾಲಕ್ಕೆ ಇವರ ಕೈಯಲ್ಲಿ ಫೇಲಾದ ಹುಡುಗಿಯೇ. ಆದರೆ ದನಿಯಲ್ಲಿ ಹಗೆ ಇರಲಿಲ್ಲ. "ಕಣ್ಣಿನ ಒತ್ತಡದಿಂದ ನರ ಸಾಯ್ತಾ ಬಂದಿದೆ. ಎಡಗಡೆ ನಿಮಗೆ ಹೆಚ್ಚುಕಡಿಮೆ ಏನೂ ಕಾಣ್ತಿಲ್ಲ. ಡ್ರಾಪ್ಸ್ ಹಾಕ್ಕೊಂಡ್ರೆ ಇರೋದು ಉಳಿಯತ್ತೆ, ಹೋಗಿರೋದು ಬರಲ್ಲ. ಇನ್ನು ಮುಂದೆ ಗಾಡಿ ಓಡಿಸ್ಬೇಡಿ ಸಾರ್."

"ಎದುರಿಗೆ ಇರೋದೆಲ್ಲ ಚೆನ್ನಾಗೇ ಕಾಣತ್ತಲ್ಲಮ್ಮ. ಗೋಡೆ ಮೇಲಿನ ಕೊನೇ ಸಾಲೂ ಓದಿದೆ."

"ಓದಿದ್ರಿ. ರಸ್ತೇಲಿ ಜನ ಬರೀ ಎದುರಿಂದ ಬರಲ್ವಲ್ಲ ಸಾರ್."

ಪರೀಕ್ಷೆ ಮುಗಿದ ಮೇಲೆ ಇದೇ ಮಾತನ್ನು ಅವರು ಸಾವಿರ ಜನಕ್ಕೆ ಹೇಳಿದ್ದರು. ತಮಗೆ ಯಾರಾದರೂ ಹೇಳಿದ್ದು ಇದೇ ಮೊದಲು. ಔಷಧಿಯ ಸೀಸೆಯನ್ನು ಜೇಬಿಗೆ ಹಾಕಿಕೊಂಡು, ಬೂದು ಕಾರನ್ನು ಹತ್ತಿ, ತಾವೇ ಓಡಿಸಿಕೊಂಡು ಮನೆಗೆ ಬಂದರು.

ಆ ರಾತ್ರಿಯಿಡೀ ಅವರು ತಮ್ಮ ಜೊತೆಗೇ ಚೌಕಾಸಿ ಮಾಡಿದರು. ಡಾಕ್ಟರು ಹೇಳಿದ್ದು ಎಲ್ಲ ಬಿಡು ಎಂದು. ಅರ್ಧ ಬಿಟ್ಟರೆ ಸಾಲದೇ? ವೇಗ ಬಿಟ್ಟುಬಿಡೋಣ, ನೀಲಿ ಕಾರು ಹೋಗಲಿ. ಬೂದು ಕಾರೂ ಹೋಗಲಿ. ಎರಡರ ಬದಲು ಎತ್ತರದ ಸೀಟು, ದೊಡ್ಡ ಗಾಜು ಇರುವ ಒಂದೇ ಒಂದು ಗಾಡಿ ತರೋಣ. ಈಗಿನ ಗಾಡಿಗಳಲ್ಲಿ ಪಕ್ಕದಲ್ಲಿ ಯಾರಾದರೂ ಬಂದರೆ ಕೀಂ ಕೀಂ ಎಂದು ಕೂಗಿ ಎಚ್ಚರಿಸುವ ವ್ಯವಸ್ಥೆ ಇದೆಯಂತೆ. ಕಣ್ಣು ಮಾಡದ್ದನ್ನು ಅದು ಮಾಡಲಿ. ಕನ್ನಡಿ ನಂಬಿದವರನ್ನೆಲ್ಲ ಫೇಲ್ ಮಾಡಿದವರು ಹೀಗೆ ಒಂದು ಪೀಪಿಯನ್ನು ನಂಬಿದರು. ಗಾಡಿಯ ಬಗ್ಗೆ ಏನೂ ತಿಳಿಯದವರು ಇಂಥ ತಪ್ಪು ಮಾಡುತ್ತಿರಲಿಲ್ಲ, ಹೆದರಿ ಮನೆಯಲ್ಲಿ ಕೂರುತ್ತಿದ್ದರು. ಎಲ್ಲ ತಿಳಿದವರಿಗೆ ಮಾತ್ರ ಇಂಥ ದಾರಿ ಹೊಳೆಯುತ್ತದೆ.

"ಇಬ್ಬರಿಗೆ ಎರಡು ಕಾರು ಯಾತಕ್ಕೆ? ಎಲ್ಲಕ್ಕೂ ಆಗೋ ಒಂದು ಇದ್ರೆ ಸಾಕು" ಎಂದರು ಬೆಳಿಗ್ಗೆ.

ಹೆಂಡತಿ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಸವತೀನ ಬಿಟ್ಟು ಇರ್ತೀರಾ?"

"ಬಿಟ್ಟಾಯ್ತು."

ಆಕೆಗೆ ಖುಷಿಯೂ ಆಯಿತು, ಒಂದು ಥರ ಸಂಕಟವೂ ಆಯಿತು. ಯಾಕೆಂದು ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಿಸಿಯಾರೆಂದು ಸುಮ್ಮನಾದಳು.

ಗಿರಾಕಿ ಹುಡುಕುವುದರಲ್ಲೇ ಐದು ತಿಂಗಳು ಹೋಯಿತು, ಅಲ್ಲಿಯ ತನಕ ಸಾಹೇಬರು ದಿನಾ ಬೂದು ಕಾರನ್ನೇ ಓಡಿಸಿದರು. ಆಮೇಲೆ ಅದು ಬಾಮೈದನ ಪಾಲಾಯಿತು. ನೀಲಿ ಕಾರನ್ನು ಕೊಳ್ಳಲು ಬಂದವಳು ಬೇಕರಿ ನಡೆಸುವ ಒಬ್ಬ ಹೆಂಗಸು. ಸಾಹೇಬರು ಆಕೆಯನ್ನು ಹಳೆಯ ಓಡುದಾರಿಗೆ ಕರೆದೊಯ್ದು, ತಾವು ಪಕ್ಕದಲ್ಲಿ ಕೂತು ಒಂದು ಗಂಟೆ ಆಕೆಯ ಕೈಯಲ್ಲಿ ಓಡಿಸಿ ನೋಡಿದರು. ಆ ಕಾರಿನ ಪಕ್ಕದ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲ ಸಲ. ಆಕೆ ಚೆನ್ನಾಗಿ ಓಡಿಸಿದಳು. ಒಂದು ತಪ್ಪನ್ನಾದರೂ ಮಾಡಲಿ, ಮಾರುವುದಿಲ್ಲ ಎಂದುಬಿಡೋಣ ಎಂದು ಅವರು ಕಾದರು. ಮಾಡಲಿಲ್ಲ. ಮನೆಗೆ ಬಂದು ಖಾಲಿ ಗ್ಯಾರೇಜಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು, ಹೆಂಡತಿ ಬಂದು ಕರೆಯುವ ತನಕ ಏಳಲಿಲ್ಲ. ಅವರಿಗೆ ಅಳು ಬಂದಿತ್ತು.

ಶೋರೂಮಿನ ಹುಡುಗಿ ಹೊಸ ಗಾಡಿಯ ಗುಣಗಾನ ಮಾಡಿದಳು. "ಆಲ್‌ರೌಂಡರ್ ಸಾರ್ ಇದು. ಊರೊಳಗೂ ಸರಿ, ಗುಡ್ಡಕ್ಕೂ ಸರಿ, ಗೇರಿನ ತಾಪತ್ರಯ ಇಲ್ಲ, ಹಿಂದೆ ಒಂದು ಮಂಚಾನೇ ಹಾಕ್ಬಹುದು." ಸಾಹೇಬರು ಎಂಜಿನ್ ಎಷ್ಟು ದೊಡ್ಡದೆಂದು ಕೇಳಲಿಲ್ಲ. ಬಾನೆಟ್ ಎತ್ತಿಸಿ ನೋಡಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಡಗಡೆ ಯಾರಾದ್ರೂ ಬಂದ್ರೆ ಕೂಗತ್ತಾ?"

"ಬೆಕ್ಕು ಬಂದ್ರೂ ಕೂಗತ್ತೆ ಸಾರ್."

ಅದು ನಿಜಕ್ಕೂ ಕೂಗುತ್ತಿತ್ತು. ಬೆಕ್ಕಿಗೆ ಕೂಗುತ್ತಿತ್ತು, ಕಂಬಕ್ಕೆ ಕೂಗುತ್ತಿತ್ತು, ಸುಮ್ಮನೆ ನಿಂತ ತಳ್ಳುಗಾಡಿಗೂ ಬಾಯಿ ಬಡಿದುಕೊಳ್ಳುತ್ತಿತ್ತು. ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು. "ನಿಮ್ಮತ್ತೆ ಇದ್ದಾಗ್ಲೂ ಮನೇಲಿ ಇಷ್ಟು ಗಲಾಟೆ ಇರ್ಲಿಲ್ಲ" ಎಂದಳು, ತನ್ನ ತಾಯಿಯನ್ನೇ ಎಳೆದು ತಂದು. ಸಾಹೇಬರಿಗೆ ಮಾತ್ರ ಆ ಸದ್ದು ಅಮೃತವಾಗಿತ್ತು. ಅದು ಕೂಗಿದರೆ ನಿಧಾನ, ಸುಮ್ಮನಿದ್ದರೆ ಮುಂದಕ್ಕೆ. ಮೂರು ವಾರ ಹೀಗೇ ನಡೆಯಿತು. ಎಲ್ಲ ಸರಿಯಾಯಿತು, ಡಾಕ್ಟರಮ್ಮ ಸುಮ್ಮನೆ ಹೆದರಿಸಿದಳು ಎಂದು ಅವರು ನಂಬುವ ಹಂತಕ್ಕೂ ಬಂದಿದ್ದರು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಇಬ್ಬರೂ ಬ್ಯಾಂಕಿಗೆ ಹೊರಟರು. ಗಾಡಿ ಆ ದಿನ ಒಮ್ಮೆಯೂ ಕೂಗಲಿಲ್ಲ. ಮಾರುಕಟ್ಟೆಯ ಇಕ್ಕಟ್ಟಿನಲ್ಲೂ ಕೂಗಲಿಲ್ಲ. ಕೈ ಪಳಗಿತು ಎಂದು ಸಾಹೇಬರಿಗೆ ಒಳಗೊಳಗೇ ಹೆಮ್ಮೆಯಾಯಿತು. ಬಹಳ ದಿನದ ಮೇಲೆ ಸೀಟಿಗೆ ಬೆನ್ನು ಕೊಟ್ಟು ಹಗುರಾಗಿ ಕೂತರು. ಬ್ಯಾಂಕಿನ ಮೂಲೆಯಲ್ಲಿ ಎಡಕ್ಕೆ ತಿರುಗಿಸಿದರು.

ಹೆಂಡತಿ ಕಿರುಚಿದಳು. ಬ್ರೇಕು ಒತ್ತುವಷ್ಟರಲ್ಲಿ ಏನೋ ತಗಲಿದ ಸದ್ದಾಯಿತು.

ಎಡಗಡೆ ಒಬ್ಬಳು ಹೆಂಗಸು ಸೈಕಲ್ಲಿನ ಜೊತೆ ನೆಲಕ್ಕೆ ಬಿದ್ದಿದ್ದಳು. ಟೈಲರಂಗಡಿಯಿಂದ ಹೊಲಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸುವವಳು. ಗಂಟು ಬಿಚ್ಚಿ ಇಸ್ತ್ರಿ ಮಾಡಿದ ಅಂಗಿಗಳೆಲ್ಲ ರಸ್ತೆಯ ಮೇಲೆ ಹರಡಿದ್ದವು. ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ಎದ್ದು ಕೂತಳು, ಕಾಲು ಆಡಿಸಿ ನೋಡಿಕೊಂಡಳು. ಮೂಳೆ ಮುರಿದಿಲ್ಲ ಎಂದು ತಿಳಿದದ್ದೇ ತಡ, ರೇಗಿದಳು.

"ಇಷ್ಟು ದೊಡ್ಡ ಗಾಡಿ ಇಟ್ಕೊಂಡು ಕಣ್ಣು ಕಾಣಲ್ವೇನ್ರೀ? ಒಂದು ಗೇಣು ಆಚೀಚೆ ಆಗಿದ್ರೆ ನನ್ನ ಮಕ್ಕಳ ಗತಿ ಏನು?"

ಸಾಹೇಬರು ಇಳಿಯುವ ಮೊದಲೇ ಹೆಂಡತಿ ಇಳಿದು ಓಡಿದ್ದಳು. ರಸ್ತೆಯಲ್ಲೇ ಮಂಡಿಯೂರಿ, ತನ್ನ ಕರವಸ್ತ್ರವನ್ನು ಆ ಹೆಂಗಸಿನ ಮೊಣಕಾಲಿಗೆ ಒತ್ತಿ ಹಿಡಿದಳು. "ತಪ್ಪು ನಂದಮ್ಮಾ, ಅವ್ರದ್ದಲ್ಲ. ಆ ಕೂಗೋದನ್ನ ನಾನೇ ನಿಲ್ಲಿಸಿಬಿಟ್ಟಿದ್ದೆ. ನಿನ್ನೆ ಸಂಜೆ ಪುಸ್ತಕ ನೋಡ್ಕೊಂಡು ನಾನೇ ಆಫ್ ಮಾಡಿದ್ದು. ಅವ್ರಿಗೆ ಗೊತ್ತೇ ಇಲ್ಲ. ನನ್ನಿಂದ ಹೀಗಾಯ್ತು, ಬಿಟ್ಬಿಡಮ್ಮಾ." ಹೇಳುತ್ತಾ ಹೇಳುತ್ತಾ ಅತ್ತಳು.

ಬಿದ್ದವಳಿಗೆ ಏನು ಕೂಗುವುದು, ಏನು ನಿಲ್ಲಿಸಿದ್ದು ಒಂದೂ ಅರ್ಥವಾಗಲಿಲ್ಲ. ಸಾಹೇಬರಿಗೆ ಎಲ್ಲ ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು. ಈಗ ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ತಪ್ಪು ಯಂತ್ರದ್ದು, ಯಂತ್ರವನ್ನು ನಿಲ್ಲಿಸಿದವಳದ್ದು. ನಾಳೆ ಅದನ್ನು ಮತ್ತೆ ಹಾಕಿಕೊಂಡರಾಯಿತು, ಗಾಡಿ ಉಳಿಯುತ್ತದೆ, ಸ್ಟೀರಿಂಗ್ ಉಳಿಯುತ್ತದೆ. ಸುಮ್ಮನಿರುವುದು ಅವರಿಗೆ ಹೊಸದೇನಲ್ಲ. ಒಂದೆರಡು ಗಳಿಗೆ ಅವರು ಸುಮ್ಮನೆ ನಿಂತದ್ದೂ ನಿಜ.

ಆದರೆ ಹೆಂಡತಿ ಅಪರಿಚಿತಳ ಮುಂದೆ ಕೈ ಮುಗಿದಳು. ಅದನ್ನು ಅವರಿಂದ ನೋಡಲಾಗಲಿಲ್ಲ.

"ಇವಳದ್ದೇನೂ ತಪ್ಪಿಲ್ಲಮ್ಮ" ಎಂದರು. "ನೀನು ಕೇಳಿದ್ದು ಸರಿ. ನನಗೆ ಕಾಣಲ್ಲ. ಎಡಗಡೆ ಏನೂ ಕಾಣಲ್ಲ. ಆರು ತಿಂಗಳಾಯ್ತು. ಓಡಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ನಾನು ಯಾರಿಗೂ ಹೇಳ್ಲಿಲ್ಲ."

ಸುತ್ತ ಸೇರಿದ್ದವರಲ್ಲಿ ಒಬ್ಬ ಬಗ್ಗಿ ಅಂಗಿಗಳನ್ನು ಕೂಡಿಸತೊಡಗಿದ. ಹೆಂಡತಿ ಮಂಡಿಯೂರಿದ್ದಲ್ಲಿಂದಲೇ ತಲೆ ಎತ್ತಿ ಗಂಡನನ್ನು ನೋಡಿದಳು.

ಹತ್ತಿರದ ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಸಿದರು. ಮಣ್ಣಾದ ಅಂಗಿಗಳನ್ನು ತಾವೇ ಒಗೆಸಿ ತಲುಪಿಸುತ್ತೇವೆಂದು ಗಂಟು ತೆಗೆದುಕೊಂಡರು. ಅಷ್ಟರಲ್ಲಿ ಮೂಲೆಯಲ್ಲಿ ಅಡ್ಡ ನಿಂತ ಗಾಡಿಯ ಹಿಂದೆ ಹಾರ್ನುಗಳ ಸಂತೆ ನೆರೆದಿತ್ತು. ಸಾಹೇಬರು ಕೀಲಿಯನ್ನು ಹೆಂಡತಿಯ ಮುಂದೆ ಹಿಡಿದರು. ಆಕೆ ತೆಗೆದುಕೊಂಡು, ಬಲಗಡೆಯ ಬಾಗಿಲು ತೆಗೆದು ಕೂತಳು. ಸೀಟು ಮುಂದಕ್ಕೆಳೆದುಕೊಂಡಳು. ಹತ್ತೊಂಬತ್ತು ವರ್ಷದ ಮೇಲೆ ಆಕೆ ಸ್ಟೀರಿಂಗ್ ಮುಟ್ಟಿದ್ದಳು.

"ನಿಧಾನ ಕಣೇ, ನಾನು ಹೇಳ್ತೀನಿ..."

"ಏನೂ ಹೇಳ್ಬೇಡಿ."

ಆಕೆ ಆಮೆಯ ಹಾಗೆ ಓಡಿಸಿದಳು. ಪ್ರತಿ ತಿರುವಿನಲ್ಲೂ ಕತ್ತನ್ನು ಪೂರ್ತಿ ತಿರುಗಿಸಿ ನೋಡಿದಳು. ಒಂದೆರಡು ಕಡೆ ತಡವರಿಸಿದಳು. ಹಿಂದಿನವರು ಬೈದುಕೊಂಡು ಮುಂದೆ ಹೋದರು. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮನೆಯ ಗೇಟಿನ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೂ ಆಕೆ ಸ್ಟೀರಿಂಗ್ ಬಿಡಲಿಲ್ಲ.

"ಆರು ತಿಂಗಳು ದಿನಾ ಓಡಿಸಿದ್ರಿ" ಎಂದಳು ಎದುರಿನ ಗಾಜನ್ನೇ ನೋಡುತ್ತಾ. "ಎಡಗಡೆ ಕಾಣಲ್ಲ ಅಂತ ಗೊತ್ತಿದ್ದೂ ಓಡಿಸಿದ್ರಿ. ಆ ಎಡಗಡೇಲಿ ಕೂತಿದ್ದೋಳು ನಾನಲ್ವೇನ್ರೀ?"

ಅವರು ಆಕೆಯ ಕಡೆಗೆ ತಿರುಗಿದರು. ಈಗ ಆಕೆ ಬಲಗಡೆ ಕೂತಿದ್ದಳು, ಮುಖ ಪೂರ್ತಿ ಕಾಣುತ್ತಿತ್ತು.